ಎರಡು ಗೆರೆಯ ಸಂಬಂಧ

ಪಾಠ ಹೇಳುವವರಿಗೆಲ್ಲ ಒಳಗೊಳಗೇ ಒಂದು ಧೈರ್ಯವಿರುತ್ತದೆ. ನಾವು ಹೇಳಿದ್ದನ್ನು ಯಾರೂ ನಂಬುವುದಿಲ್ಲ ಎಂಬುದೇ ಆ ಧೈರ್ಯ. ಮಕ್ಕಳು ಬರೆದುಕೊಳ್ಳುತ್ತಾರೆ, ಬಾಯಿಪಾಠ ಮಾಡುತ್ತಾರೆ, ಪರೀಕ್ಷೆಯಲ್ಲಿ ಒಪ್ಪಿಸುತ್ತಾರೆ, ಮನೆಗೆ ಹೋಗಿ ಮರೆಯುತ್ತಾರೆ. ಚಂದ್ರನ ನೆರಳು ಭೂಮಿಯ ಮೇಲೆ ಹೇಗೆ ಬೀಳುತ್ತದೆಂದು ಚಿತ್ರಸಹಿತ ಬರೆದು ಪೂರ್ಣ ಅಂಕ ಪಡೆದ ಹುಡುಗನೇ ಗ್ರಹಣದ ದಿನ ನೀರಿನ ಕೊಡದಲ್ಲಿ ಕರಿಕೆ ಹುಲ್ಲು ಹಾಕಿ ಬಾಗಿಲು ಮುಚ್ಚಿಕೊಂಡು ಕೂತಿರುತ್ತಾನೆ. ಈ ಏರ್ಪಾಡಿನಿಂದ ಊರಿಗೂ ಅಪಾಯವಿಲ್ಲ, ನಮಗೂ ಸಂಬಳಕ್ಕೆ ಮೋಸವಿಲ್ಲ. ಆದರೆ ನನ್ನ ಮೂರು ವರ್ಷದ ನೌಕರಿಯಲ್ಲಿ ಒಂದೇ ಒಂದು ಸಲ, ಒಂದು ಪಾಠವನ್ನು ಒಂದು ಮನೆಯವರು ನಿಜವಾಗಿ ನಂಬಿಬಿಟ್ಟರು. ಆಗ ಏನಾಯಿತೆಂಬುದನ್ನು ಬರೆದೇ ಹೇಳಬೇಕು. ಬಾಯಿಬಿಟ್ಟು ಹೇಳುವ ಶಕ್ತಿ ನನಗಿಲ್ಲ. ನನಗೆಂದರೇನು, ನಮ್ಮ ಮನೆತನಕ್ಕೇ ಇಲ್ಲ. ಕುಂದಗೋಳದ ನಮ್ಮ ಮನೆಯಲ್ಲಿ ಊಟಕ್ಕೆ ಕೂತವರಿಗೆ ಉಪ್ಪು ಬೇಕಾದರೆ ಕೇಳುವುದಿಲ್ಲ, ಉಪ್ಪಿನ ಡಬ್ಬಿಯತ್ತ ನೋಡುತ್ತಾರೆ. ನೋಡಿದ್ದನ್ನು ಯಾರಾದರೂ ಕಂಡರೆ ಡಬ್ಬಿ ಸರಿಸುತ್ತಾರೆ; ಕಾಣದಿದ್ದರೆ ಸಪ್ಪೆಯೇ ಉಂಡು ಏಳುತ್ತಾರೆ. ಅಪ್ಪನ ಕಡೆಯವರೂ ಹೀಗೇ, ಅವ್ವನ ಕಡೆಯವರೂ ಹೀಗೇ.

ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸಿದ ಮೇಲೆ ನನಗೆ ನೌಕರಿ ಸಿಕ್ಕದ್ದು ನವಲಗುಂದ ತಾಲೂಕಿನಲ್ಲಿ, ಮೊರಬದಿಂದ ಆಚೆಗಿನ ಒಂದು ದೊಡ್ಡ ಹಳ್ಳಿಯ ಜೂನಿಯರ್ ಕಾಲೇಜಿನಲ್ಲಿ. ಎರೆಹೊಲದ ಊರು. ಮಳೆ ಬಂದರೆ ಅಲ್ಲಿನ ಮಣ್ಣು ಚಪ್ಪಲಿಯನ್ನು ಇಟ್ಟುಕೊಂಡು ಕಾಲನ್ನಷ್ಟೇ ಬಿಟ್ಟುಕೊಡುತ್ತದೆ. ಜೀವಶಾಸ್ತ್ರಕ್ಕೆ ನಾನೊಬ್ಬಳೇ, ಸೂಕ್ಷ್ಮದರ್ಶಕವೂ ಒಂದೇ. ಅದರ ಕನ್ನಡಿಗೆ ಬೆಳಕು ಬೇಕಾದರೆ ಕಿಟಕಿ ತೆಗೆಯಬೇಕು. ಕಿಟಕಿ ತೆಗೆದರೆ ಆಡು ತಲೆ ಹಾಕುತ್ತದೆ. ಕೋಶವಿಭಜನೆಯ ಪಾಠಕ್ಕೆ ಉಳ್ಳಾಗಡ್ಡಿಯ ಬೇರಿನ ತುದಿ ಬೇಕು. ಅದಕ್ಕೆಂದು ಖಾಲಿ ಔಷಧದ ಬಾಟಲಿಗಳಲ್ಲಿ ನೀರು ತುಂಬಿ, ಬಾಯಿಯ ಮೇಲೊಂದೊಂದು ಗಡ್ಡೆ ಕೂಡಿಸಿ ಸಾಲಾಗಿ ಇಟ್ಟಿದ್ದೆ. ನಮ್ಮ ಜವಾನ ಹಸನ್‌ಸಾಬರು ಎರಡು ದಿನ ಸುಮ್ಮನೆ ನೋಡಿ ಮೂರನೆಯ ದಿನ ಕೇಳಿದರು: "ಅಕ್ಕೋರ, ಊರ ಹೊಲದಾಗೆಲ್ಲಾ ಉಳ್ಳಾಗಡ್ಡಿ ತಾನ ಬೇರ ಬಿಡಾಕತ್ತೈತಿ. ನೀವ್ಯಾಕ ಬಾಟ್ಲಿ ಮ್ಯಾಲ ಕುಂಡ್ರಿಸಿ ಅದಕ್ಕ ತ್ರಾಸ ಕೊಡ್ತೀರಿ?" ನಾನು ವಿವರಿಸಿದೆ. ಅವರು ಎಲ್ಲ ಕೇಳಿಕೊಂಡು, "ಹೌದ್ರಿ. ತುದಿ ಕತ್ತರಿಸಿಕೊಂಡಮ್ಯಾಲೆ ಉಳಿದದ್ದು ನಾ ಒಯ್ಲೇನ್ರಿ?" ಎಂದರು. ಆ ವರ್ಷ ನನ್ನ ಪಾಠದಿಂದ ನಿರಪಾಯವಾದ ಲಾಭ ಪಡೆದವರು ಅವರೊಬ್ಬರೇ.

ಕೋಶವಿಭಜನೆಯನ್ನು ಹೇಳುವುದು ನನಗೆ ಇಷ್ಟ. ಅದರಲ್ಲಿ ಒಂದು ನ್ಯಾಯವಿದೆ. ನಮ್ಮ ಕಡೆ ಅಣ್ಣತಮ್ಮಂದಿರು ಹಿಸ್ಸೆಯಾದರೆ ಬದುವಿನ ಮೇಲಿನ ಬೇವಿನ ಮರ ಯಾರದೆಂಬುದು ಹತ್ತು ವರ್ಷ ಕೋರ್ಟಿನಲ್ಲಿರುತ್ತದೆ. ಜೀವಕೋಶ ಎರಡಾಗುವಾಗ ಆ ಗಲಾಟೆಯಿಲ್ಲ. ಇದ್ದ ಒಂದೊಂದು ವರ್ಣತಂತುವಿಗೂ ಮೊದಲೇ ಒಂದು ನಕಲು ತಯಾರಾಗುತ್ತದೆ. ಎಲ್ಲವೂ ನಡುಗೆರೆಯ ಮೇಲೆ ಬಂದು ಸಾಲಾಗಿ ನಿಲ್ಲುತ್ತವೆ. ಆಮೇಲೆ ಜೋಡಿ ಬಿಟ್ಟು ಒಂದು ಈ ಬದಿಗೆ, ಒಂದು ಆ ಬದಿಗೆ ಸರಿಯುತ್ತವೆ. ನಡುವೆ ಗೋಡೆ ಏಳುತ್ತದೆ. ಇಬ್ಬರಿಗೂ ಸರಿಪಾಲು. ಇದನ್ನು ಕಣ್ಣಾರೆ ನೋಡಲೆಂದು ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಸೂಕ್ಷ್ಮದರ್ಶಕಕ್ಕೆ ಕರೆದೆ. ಮೊದಲನೆಯವನಿಗೆ ತನ್ನ ಕಣ್ಣಿನ ರೆಪ್ಪೆ ಕಂಡಿತು. ಎರಡನೆಯವಳಿಗೆ ಗಾಳಿಯ ಗುಳ್ಳೆ ಕಂಡಿತು. ಬಹಳ ಚಂದ ಇದೆ ಎಂದು ಅದನ್ನೇ ಚಿತ್ರ ಬರೆದಳು. ಉಳಿದವರಿಗೆ ಮುಂದಿನವರು ಏನು ಹೇಳಿದರೋ ಅದೇ ಕಂಡಿತು. ಕೊನೆಗೆ ಬಂದವಳು ಗಿರಿಜಾ. ಅವಳು ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ. ಆಮೇಲೆ ಮೆಲ್ಲಗೆ, "ಅಕ್ಕೋರ, ಎರಡೂ ಬಾಜೂನಿಂದ ಯಾರೋ ಜಗ್ಗಾಕತ್ತಾರ್ರಿ," ಎಂದಳು. ನಾನು ನೋಡಿದೆ. ನಿಜವಾಗಿಯೂ ವರ್ಣತಂತುಗಳು ಎರಡು ಗುಂಪಾಗಿ ಎರಡು ಧ್ರುವಗಳಿಗೆ ಎಳೆಯಲ್ಪಡುತ್ತಿದ್ದ ಹಂತ. ಪುಸ್ತಕದಲ್ಲಿ ಅರ್ಧ ಪುಟ ಹಿಡಿದದ್ದನ್ನು ಅವಳು ಒಂದು ಸಾಲಿನಲ್ಲಿ ಮುಗಿಸಿದ್ದಳು. ಅಂದು ಮನೆಗೆ ಹೋಗುವಾಗ ನನಗೆ ಬಂದ ಸಂತೋಷವನ್ನು ಯಾರಿಗಾದರೂ ಹೇಳಬೇಕೆನಿಸಿತು. ಹೇಳಲಿಲ್ಲ.

ಹೇಳಬಹುದಿತ್ತು, ಏಕೆಂದರೆ ನಾನು ಬಾಡಿಗೆಗಿದ್ದದ್ದು ಗಿರಿಜಾಳ ಅಜ್ಜಿಯ ಮನೆಯಲ್ಲೇ. ಅಜ್ಜಿ ನೀಲವ್ವ, ಗಿರಿಜಾಳ ತಾಯಿಯ ತಾಯಿ. ಗಿರಿಜಾ ಅಪ್ಪ ಅವ್ವನೊಂದಿಗೆ ಇದ್ದದ್ದು ಅದೇ ಊರಿನ ಇನ್ನೊಂದು ಓಣಿಯಲ್ಲಿ. ಮೊಮ್ಮಗಳು ಅವಳನ್ನು ಆಯಿ ಎನ್ನುತ್ತಿದ್ದಳು. ಆ ಮನೆಯಲ್ಲಿ ನೀಲವ್ವನ ಇಬ್ಬರು ಗಂಡುಮಕ್ಕಳಿದ್ದರು. ಹಿರಿಯ ಮಲ್ಲಪ್ಪ ಹುಟ್ಟುಕಿವುಡ, ಮಾತಿಲ್ಲ; ಎತ್ತುಗಳನ್ನು ನೋಡಿಕೊಳ್ಳುತ್ತಿದ್ದ. ಆ ಮನೆಯಲ್ಲಿ ನನಗೆ ಚೆನ್ನಾಗಿ ಹೊಂದಿಕೆಯಾದವನು ಅವನೇ. ಕಿರಿಯವ ವಿರೂಪಾಕ್ಷಿ, ಇಪ್ಪತ್ತೆಂಟರ ಹತ್ತಿರ, ಟ್ರ್ಯಾಕ್ಟರು ಓಡಿಸುತ್ತಿದ್ದ. ನನ್ನನ್ನು ಕಂಡರೆ ತಲೆ ತಗ್ಗಿಸಿ ಗೋಡೆಗೆ ಸರಿದು ಹೋಗುವ ಮನುಷ್ಯ. ಗಿರಿಜಾಳನ್ನು ಇವನಿಗೇ ಕೊಡುವುದೆಂದು ಅವಳು ತೊಟ್ಟಿಲಲ್ಲಿದ್ದಾಗಲೇ ಮಾತಾಗಿತ್ತು. ಅಕ್ಕನ ಮಗಳು ತಮ್ಮನಿಗೆ ಎಂಬುದು ನಮ್ಮ ಕಡೆ ವಿಚಾರವಲ್ಲ, ವಾಡಿಕೆ. ಪಿ.ಯು.ಸಿ. ಪರೀಕ್ಷೆ ಮುಗಿದ ಮೇಲೆ ಮದುವೆ. ಗಿರಿಜಾಳಿಗೆ ಬಿ.ಎಸ್ಸಿ. ಓದುವ ಆಸೆಯಿತ್ತು. ಒಂದು ದಿನ ಬಾಟಲಿಗಳ ನೀರು ಬದಲಿಸುತ್ತ, ತಾನೇ ಹೇಳಿದ್ದಳು: "ಮದಿವ್ಯಾದ್ರ ಓದು ಮುಗದಂಗ ಅಲ್ಲೇನ್ರಿ ಅಕ್ಕೋರ?" ನಾನು ಹೌದು ಅಲ್ಲ ಎರಡನ್ನೂ ಹೇಳಲಿಲ್ಲ. ನನ್ನ ಮನಸ್ಸಿನಲ್ಲಿ ಮಾತ್ರ ಅಡ್ಡಗೋಡೆ ಯಾರೆಂಬುದು ನಿಶ್ಚಯವಾಗಿತ್ತು. ಟ್ರ್ಯಾಕ್ಟರಿನ ಮೇಲೆ ಕೂತಿದ್ದ ಆ ಗೋಡೆಯನ್ನು ನಾನು ದಿನಾ ನೋಡುತ್ತಿದ್ದೆ, ಮಾತಾಡಿಸಿರಲಿಲ್ಲ.

ಕೋಶವಿಭಜನೆಯ ನಂತರದ ಪಾಠ ಅನುವಂಶೀಯತೆ. ತಾಯಿಯಿಂದ ಒಂದು, ತಂದೆಯಿಂದ ಒಂದು, ಹೀಗೆ ಪ್ರತಿಯೊಂದು ಗುಣಕ್ಕೂ ನಮ್ಮೊಳಗೆ ಜೋಡಿ ಇರುತ್ತದೆ. ಯಾವುದೋ ಮಠದ ತೋಟದಲ್ಲಿ ಬಟಾಣಿ ಬೆಳೆದ ಪಾದ್ರಿಯ ಕತೆ ಹೇಳಿದರೆ ಮಕ್ಕಳು ಆಕಳಿಸುತ್ತಾರೆ. ಆದ್ದರಿಂದ ನಾನು ಎತ್ತುಗಳನ್ನು ತಂದೆ. "ಜೋಡೆತ್ತಿನಲ್ಲಿ ಒಂದು ಕುಂಟಿದರೂ ಇನ್ನೊಂದು ಹೇಗೋ ಬಂಡಿ ಎಳೆಯುತ್ತದೆ. ನೋಡಿದವರಿಗೆ ಕುಂಟು ಗೊತ್ತಾಗುವುದಿಲ್ಲ. ಎರಡೂ ಕುಂಟಿದರೆ ಬಂಡಿ ನಿಂತಲ್ಲೇ. ಪ್ರತಿಯೊಂದು ಮನೆತನದಲ್ಲೂ ಎಲ್ಲೋ ಒಂದು ಕುಂಟು ಅಡಗಿರುತ್ತದೆ. ಒಂದೇ ಮನೆಯ ಎರಡು ಎತ್ತು ಕಟ್ಟಿದರೆ ಅದೇ ಕುಂಟು ಎರಡರಲ್ಲೂ ಇರುವ ಸಂಭವ ಹೆಚ್ಚು." ಸಂಭವ ಎಂಬ ಮಾತನ್ನು ನಾನು ಮೂರು ಸಲ ಒತ್ತಿ ಹೇಳಿದೆ. ಹಲಗೆಯ ಮೇಲೂ ಬರೆದೆ. ಅಡಿಗೆರೆ ಎಳೆದೆ. ಮುಂದೆ ನಡೆದದ್ದಕ್ಕೆ ಆ ಅಡಿಗೆರೆಯಿಂದ ಏನೂ ಮಾಡಲಾಗಲಿಲ್ಲ.

ಆಮೇಲೆ ಎಲ್ಲರೂ ತಮ್ಮ ತಮ್ಮ ಮನೆಯ ವಂಶವೃಕ್ಷ ಬರೆದು ತರಬೇಕೆಂದೆ. ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ. ಮದುವೆಯಾದವರ ನಡುವೆ ಒಂದು ಗೆರೆ. ರಕ್ತಸಂಬಂಧದೊಳಗೇ ಮದುವೆಯಾಗಿದ್ದರೆ ಎರಡು ಗೆರೆ. ಹುಟ್ಟಿನಿಂದ ಏನಾದರೂ ಊನವಿದ್ದರೆ ಒಳಗೆ ಮಸಿ ತುಂಬಬೇಕು. ಪುಸ್ತಕದಲ್ಲಿ ವಂಶವೃಕ್ಷ ಕೆಳಕೆಳಗೆ ಹರಡಿಕೊಳ್ಳುತ್ತ ಹೋಗುತ್ತದೆ. ನಮ್ಮ ಮಕ್ಕಳು ತಂದ ವೃಕ್ಷಗಳು ಹರಡಲಿಲ್ಲ. ಮೂರನೆಯ ತಲೆಮಾರಿಗೆ ತಿರುಗಿ ತಮ್ಮ ಕಾಂಡಕ್ಕೇ ಸುತ್ತಿಕೊಂಡವು. ಒಬ್ಬನದು ಕೊಡದ ಕೆಳಗಿಡುವ ಸಿಂಬಿಯಂತೆ ದುಂಡಗಾಗಿತ್ತು. ಇನ್ನೊಬ್ಬಳದರಲ್ಲಿ ಎರಡು ಗೆರೆಗಳೇ ತುಂಬಿ ಹುಬ್ಬಳ್ಳಿ ಸ್ಟೇಶನ್ನಿನ ಹಳಿಗಳಂತೆ ಕಾಣುತ್ತಿತ್ತು. ಒಬ್ಬ ಹುಡುಗ ಎದ್ದು ನಿಂತು, "ಅಕ್ಕೋರ, ನಮ್ಮಪ್ಪ ನಮ್ಮ ಆಯೀಗೆ ತಮ್ಮ ಆಗಬೇಕ್ರಿ. ಅಂವನ್ನ ಅಪ್ಪನ ಸಾಲಿನ್ಯಾಗ ಬರೀಲೋ ಅಜ್ಜನ ಸಾಲಿನ್ಯಾಗ ಬರೀಲೋ?" ಎಂದ. ಹಿಂದಿನಿಂದ ಯಾರೋ, "ನಡುವ ಬೆಂಚ ಹಾಕಿ ಕುಂಡ್ರಸಲೇ," ಎಂದರು. ಎಲ್ಲರೂ ನಕ್ಕರು. ಅವನ ತೊಡಕು ನನಗೆ ಉಳಿದವರಿಗಿಂತ ಚೆನ್ನಾಗಿ ಅರ್ಥವಾಗಿತ್ತು. "ನಿಮ್ಮ ಮನೀದು ಬರದು ತೋರಸ್ರಿ ಅಕ್ಕೋರ," ಎಂದು ಹುಡುಗಿಯರು ಕೇಳಿದರು. ನಾನು ಹಲಗೆಯ ಕಡೆ ತಿರುಗಿ ಪುಸ್ತಕದ ಚಿತ್ರವನ್ನೇ ಬರೆದೆ.

ಗಿರಿಜಾ ಆಗ ಎದ್ದಳು. "ಸೋದರಮಾವಗ ಕೊಟ್ರ ಎಷ್ಟು ಸಂಭವ ಐತ್ರಿ?" ಎಂದು ಕೇಳಿದಳು. ನಾನು ಲೆಕ್ಕವನ್ನು ಬಿಡಿಸಿ ಹೇಳಿದೆ. ಹುಟ್ಟುವ ಮಗುವಿನ ಜೋಡಿಗಳಲ್ಲಿ ಸರಾಸರಿ ಎಂಟರಲ್ಲೊಂದು ಜೋಡಿಯ ಎರಡೂ ಎತ್ತು ಒಂದೇ ಹಿರಿಯರಿಂದ ಬಂದವಾಗಿರಬಹುದು, ಅವೂ ಕುಂಟಾಗಿರಲೇಬೇಕೆಂದಿಲ್ಲ. ಲೆಕ್ಕ ಸರಿಯಾಗಿತ್ತು. ಸಂಜೆಯ ಹೊತ್ತಿಗೆ ಅದು ಊರಿನ ಕಟ್ಟೆಗೆ ಮುಟ್ಟಿದಾಗ, ಮಾವನನ್ನು ಮದುವೆಯಾದರೆ ಎಂಟನೆಯ ಕೂಸು ಕುರುಡಾಗಿ ಹುಟ್ಟುತ್ತದೆ ಎಂದಾಗಿತ್ತು. ಹಸನ್‌ಸಾಬರು ಮರುದಿನ ಕಸ ಗುಡಿಸುತ್ತ ವರದಿ ಒಪ್ಪಿಸಿದರು: "ಕಟ್ಟೀಮ್ಯಾಲಿನ ಹಿರ್‍ಯಾರು ಬಾಳ ವಿಚಾರ ಮಾಡಿದ್ರ್ರಿ. ಏಳಕ್ಕ ನಿಲ್ಲಿಸಿದ್ರಾತು, ಅದಕ್ಕ್ಯಾಕ ಹೆದರಬೇಕು ಅಂದ್ರು." ಊರು ಪಾಠವನ್ನು ಹೀಗೆ ಅರಗಿಸಿಕೊಂಡದ್ದು ಕೇಳಿ ನನಗೆ ನೆಮ್ಮದಿಯೇ ಆಯಿತು. ಯಾರೂ ನಂಬಿಲ್ಲ.

ಆ ಭಾನುವಾರ ಗಿರಿಜಾ ತನ್ನ ವಂಶವೃಕ್ಷವನ್ನು ಹಿಡಿದು ಅಜ್ಜಿಯ ಮನೆಗೆ ಬಂದಳು. ಪಡಸಾಲೆಯಲ್ಲಿ ನೀಲವ್ವ ಮೆಣಸಿನಕಾಯಿಯ ತೊಟ್ಟು ತೆಗೆಯುತ್ತಿದ್ದಳು. ನಾನು ನನ್ನ ಕೋಣೆಯಲ್ಲಿ, ಬಾಗಿಲು ಅರ್ಧ ಮುಚ್ಚಿ, ಉತ್ತರಪತ್ರಿಕೆ ತಿದ್ದುತ್ತಿದ್ದೆ.

"ಅಕ್ಕೋರ, ಸ್ವಲ್ಪ ಹೊರಗ ಬರ್ರಿ," ನೀಲವ್ವ ಕರೆದಳು. "ಈ ಹುಡುಗಿ ಏನೋ ಜಾತಕ ಬರಕೊಂಡ ಬಂದಾಳ."

"ಜಾತಕ ಅಲ್ಲ ಆಯಿ, ವಂಶವೃಕ್ಷ."

"ಯಾವದರ ಇರಲಿ. ಇದರಾಗ ನಾ ಎಲ್ಲಿ ಅದೀನಿ?"

"ಇಲ್ಲಿ. ಈ ದುಂಡಂದು."

"ದುಂಡಗ ಅದೀನಿ ಅಂತ ಊರಿಗೇ ಗೊತ್ತೈತಿ. ಈ ಚೌಕ ಯಾರು?"

"ಅಜ್ಜ."

"ನಿಮ್ಮಜ್ಜ ಚೌಕ ಹೆಂಗಾದಾನು? ಅಂವಂದು ಒಂದ ಮೂಲಿನೂ ನೆಟ್ಟಗಿರಲಿಲ್ಲ." ನೀಲವ್ವ ತಾನೇ ನಕ್ಕಳು. ಆಮೇಲೆ ಖಾರದ ಬೆರಳನ್ನು ಸೀರೆಗೆ ಒರೆಸಿಕೊಂಡು ಚಿತ್ರದ ಮೇಲೆ ಸರಿಸುತ್ತ ಹೋಗಿ ಒಂದು ಕಡೆ ನಿಲ್ಲಿಸಿದಳು. "ಈ ಕರೇದು ಯಾಕ?"

ಗಿರಿಜಾ ನನ್ನನ್ನು ನೋಡಿದಳು. ಹಿತ್ತಿಲಲ್ಲಿ ಮಲ್ಲಪ್ಪ ಎತ್ತಿನ ಮೈ ಉಜ್ಜುವ ಸದ್ದು ಕೇಳುತ್ತಿತ್ತು. ಅವನೊಬ್ಬನಿಗೆ ಮಾತ್ರ ಕೇಳುತ್ತಿರಲಿಲ್ಲ. ನಾನು ಹೇಳಬೇಕಾಯಿತು. ಆ ಚೌಕ ಮಲ್ಲಪ್ಪ. ನೀಲವ್ವ ಮತ್ತು ಅವಳ ಗಂಡನ ನಡುವೆ ಎರಡು ಗೆರೆಗಳಿವೆ, ಗಂಡ ಅವಳ ಸೋದರಮಾವ. ಎರಡು ಎತ್ತುಗಳ ಮಾತು. ನೀಲವ್ವ ತೊಟ್ಟು ತೆಗೆಯುವುದನ್ನು ನಿಲ್ಲಿಸಿ ಕೇಳಿದಳು.

"ಗ್ರಹಣ ಹಿಡದಾಗ ಮಲ್ಲ್ಯಾ ಹೊಟ್ಟ್ಯಾಗಿದ್ದ," ಎಂದಳು ಕೊನೆಗೆ. "ನಾ ಬದನಿಕಾಯಿ ಹೆಚ್ಚಿದ್ನಂತ. ಅದಕ್ಕ ಕೂಸಿನ ಕಿವಿ ಹೋತಂತ. ನಮ್ಮತ್ತಿ ಅಂದ್ರ ಹೊರಗಿನಾಕಿ ಅಲ್ರಿ, ನನ್ನ ಹಡದಾಕಿನ್ನ ಹಡದಾಕಿ. ಆಕಿ ಸಾಯೂತನಕಾ ಅಂದ್ಲು. ಆಕಿ ಸತ್ತಮ್ಯಾಲೆ ಊರ ಅಂತು. ಊರ ಮರತಮ್ಯಾಲೆ ನನಗ ನಾನ ಅಂದ್ಕೋತ ಬಂದೀನಿ." ಕೈಯಲ್ಲಿದ್ದ ಮೆಣಸಿನಕಾಯಿ ಕೆಳಗಿಟ್ಟು, "ಅಂದ್ರ ಬದನಿಕಾಯಿದೇನೂ ತಪ್ಪಿಲ್ಲೇನ್ರಿ?" ಎಂದು ಕೇಳಿದಳು.

"ಇಲ್ಲ," ಎಂದೆ.

ನನ್ನ ನೌಕರಿಯಲ್ಲಿ ನಾನು ಹೇಳಿದ ಅತಿ ಚಿಕ್ಕ ಪಾಠ ಅದು. ನೀಲವ್ವ ಸೆರಗಿನಿಂದ ಕಣ್ಣು ಒತ್ತಿಕೊಂಡಳು. ಕೈಗೆ ಮೆಣಸಿನಕಾಯಿ ಖಾರ ಹತ್ತಿತ್ತೆಂದು ನಾನು ಅಂದುಕೊಂಡೆ. ಹಾಗೆ ಅಂದುಕೊಳ್ಳುವುದು ಇಬ್ಬರಿಗೂ ಅನುಕೂಲವಾಗಿತ್ತು.

ಅಂದಿನಿಂದ ನೀಲವ್ವ ನಂಬಿದಳು. ಊರು ನಂಬುವಂತೆ ಅರ್ಧಂಬರ್ಧವಲ್ಲ. ದೀಕ್ಷೆ ತೆಗೆದುಕೊಂಡವರ ಹಾಗೆ ನಂಬಿದಳು. ಮರುದಿನವೇ ಮಗಳು ಅಳಿಯನನ್ನು ಕರೆಸಿ, ತೊಟ್ಟಿಲ ಮಾತನ್ನು ಮುರಿದಳು. ಗಿರಿಜಾ ಓಡಿಬಂದು ನನ್ನ ಕೋಣೆಯ ಬಾಗಿಲಲ್ಲಿ ನಿಂತು, "ಅಕ್ಕೋರ, ಆಯಿ ಬ್ಯಾಡಂದ್ಲ್ರಿ! ಮದಿವಿ ಇಲ್ರಿ!" ಎಂದಳು. ಅವಳ ಕಣ್ಣಿನಲ್ಲಿ ಆಗಲೇ ಧಾರವಾಡದ ಬಸ್ಸು ಹೊರಟಿತ್ತು. ಎಂದೂ ಯಾರನ್ನೂ ಮುಟ್ಟದ ನಾನು ಅವಳ ಬೆನ್ನು ತಟ್ಟಿದೆ. ಬೇರಿನ ತುದಿಯಲ್ಲಿ ಕಂಡದ್ದು ಒಂದು ಹುಡುಗಿಯ ಬಾಳನ್ನೇ ಬದಲಿಸಿತಲ್ಲ ಎಂದು ಹೆಮ್ಮೆಪಟ್ಟೆ. ಆ ಹೆಮ್ಮೆ ಹನ್ನೊಂದು ದಿನ ಬಾಳಿತು.

ಹನ್ನೆರಡನೆಯ ದಿನ ಪಡಸಾಲೆಯಲ್ಲಿ ಜಮಖಾನೆ ಹಾಸಿತ್ತು. ಗಿರಿಜಾಳ ಅಪ್ಪ, ಇನ್ನಿಬ್ಬರು ಹಿರಿಯರು ಕೂತಿದ್ದರು. ನೀಲವ್ವ ನನ್ನನ್ನೂ ಕರೆಸಿ, ಗಂಡಸರ ಎದುರಿಗೇ ಕುರ್ಚಿ ಹಾಕಿಸಿದಳು. ಆ ಮನೆಯಲ್ಲಿ ನನಗೆ ಸಿಕ್ಕ ದೊಡ್ಡ ಗೌರವ ಅದು. "ಅಕ್ಕೋರ, ಮಾತ ಮುರದ ಹುಡುಗೀನ್ನ ಬಾಳ ದಿನ ಮನ್ಯಾಗ ಇಟ್ಕೊಂಡ್ರ ಮಂದಿ ಹುಡುಗೀಗೇ ಏನೋ ಐತಿ ಅಂತಾರ. ಅದಕ್ಕ ಲಗೂನ ಹುಡುಕಿಸೀನಿ. ಕಲಘಟಗಿ ಕಡೆ ದೇವಿಕೊಪ್ಪದಾಗ ಒಂದ ಮನಿ ಐತಿ. ಏಳ ತಲಿ ಹಿಂದಿಂದ ಕೆದರಿ ನೋಡೇನಿ. ನಮ್ಮ ರಕ್ತಾ ಅವರಿಗೆ ಹತ್ತಿಲ್ಲ, ಅವರ ರಕ್ತಾ ನಮಗ ಹತ್ತಿಲ್ಲ. ನಮ್ಮದು ಎರಿ ನೆಲ, ಅವರದು ಕೆಂಪ ಮಸಾರಿ. ನೀರಸುದ್ದಾ ಬ್ಯಾರೆ." ಒಳ್ಳೆಯ ವಿದ್ಯಾರ್ಥಿನಿ ಉತ್ತರ ಒಪ್ಪಿಸುವಂತೆ ಒಪ್ಪಿಸಿ ನನ್ನ ಮುಖ ನೋಡಿದಳು. "ಹಿಂಗ ಹೊರಗಿನವರಾದ್ರ ಅಡ್ಡಿ ಇಲ್ಲಲ್ರಿ?"

ಗಿರಿಜಾ ಚುರುಮರಿಯ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅವಳು ಏನು ಕೇಳಿಕೊಳ್ಳುತ್ತಿದ್ದಾಳೆಂಬುದು ನನಗೆ ಗೊತ್ತಿತ್ತು. ಉಪ್ಪಿನ ಡಬ್ಬಿಯನ್ನು ನೋಡುವ ನೋಟ ಅದು. ನಾನು ಅಂಥ ನೋಟಗಳ ನಡುವೆಯೇ ಬೆಳೆದವಳು. ಅಡ್ಡಿ ಇದೆ, ಹುಡುಗಿ ಓದಬೇಕು, ಇನ್ನೂ ನಾಲ್ಕು ವರ್ಷ ಯಾರಿಗೂ ಕೊಡಬೇಡಿ ಎನ್ನಬೇಕಿತ್ತು. ಆದರೆ ನನ್ನನ್ನು ಕೇಳಿದ್ದು ಅದಲ್ಲವಲ್ಲ. ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಬರೆಯಿರಿ ಎಂದು ಮಕ್ಕಳಿಗೆ ಹೇಳುವವಳು ನಾನು.

"ವಿಜ್ಞಾನದ ಪ್ರಕಾರ ಅಡ್ಡಿಯಿಲ್ಲ," ಎಂದೆ.

ತಟ್ಟೆ ಜಮಖಾನೆಯ ಮೇಲೆ ಬಂದು ಕೂತಿತು. ಹಿರಿಯರು ಚುರುಮರಿಗೆ ಕೈ ಹಾಕಿದರು. ಪರೀಕ್ಷೆಗೆ ಮೂರು ವಾರವಿರುವಾಗ ಮುಹೂರ್ತ ಸಿಕ್ಕಿತು. ಪರೀಕ್ಷೆ ಮುಗಿಯಲೆಂದು ಗಿರಿಜಾಳ ಅಪ್ಪ ಒಂದು ಮಾತು ಅಂದರಂತೆ, ಹುಡುಗನ ಕಡೆಯವರು, "ಸೊಸಿ ಪರೀಕ್ಷೆ ಪಾಸಾದ್ರ ಭತ್ತ ಹೆಚ್ಚಿಗಿ ಬೆಳೀತೈತೇನು?" ಎಂದರಂತೆ. ಅಲ್ಲಿಗೆ ಆ ಮಾತು ಮುಗಿಯಿತು.

ಮದುವೆಗೆ ನಾಲ್ಕು ದಿನ ಮೊದಲು ವಿರೂಪಾಕ್ಷಿ ಕಾಲೇಜಿಗೆ ಬಂದ. ಪ್ರಯೋಗಶಾಲೆಯ ಹೊರಗೆ ಚಪ್ಪಲಿ ಬಿಟ್ಟು, ಒಳಗೆ ಬರಲೋ ಬೇಡವೋ ಎಂದು ನಿಂತಿದ್ದ.

"ಗಿರಿಜಾಂದು ಚಿತ್ರದ ವಹಿ ಇಲ್ಲೇ ಐತಂತ್ರಿ. ಇಸಕೊಂಡ ಬಾ ಅಂದಾಳ."

ಕೊಟ್ಟೆ. ಅವನು ಒಂದೊಂದೇ ಹಾಳೆ ತಿರುವಿ ನೋಡಿದ. ಎರಡು ಗುಂಪಾಗಿ ಎಳೆಯಲ್ಪಡುವ ವರ್ಣತಂತುಗಳ ಚಿತ್ರದಲ್ಲಿ ಸ್ವಲ್ಪ ಹೊತ್ತು ನಿಂತ. "ಚಲೋ ತಗೀತಾಳ್ರಿ," ಎಂದ. ಆಮೇಲೆ ನೆಲ ನೋಡುತ್ತ ಹೇಳಿದ: "ಧಾರವಾಡದಾಗ ಒಂದ ಖೋಲಿ ನೋಡಿ ಬಂದಿದ್ನ್ರಿ. ಲಗ್ನಾದಮ್ಯಾಲೆ ಆಕೀನ್ನ ಅಲ್ಲೇ ಇಟ್ಟು ಓದಸಬೇಕು ಅಂತ. ಮೂರ ವರ್ಷ ಹೊಲಾ ನಾನ ನೋಡ್ಕೊಂಡ, ವಾರಕ್ಕೊಮ್ಮೆ ಹೋಗಿ ಬಂದ್ರ ಆತು ಅಂತ."

"ಅವಳಿಗೆ ಹೇಳಿದ್ದಿರಾ?"

"ಇಲ್ರಿ. ಪರೀಕ್ಷಾ ಮುಗದಮ್ಯಾಲೆ ಹೇಳೂಣು ಅಂತ ಇಟ್ಕೊಂಡಿದ್ನಿ. ನಮ್ಮ ಮನ್ಯಾಗ ಎಲ್ಲಾರೂ ಮಾತ ಕಡಿಮೀನ್ರಿ, ಅವ್ವನ್ನೊಬ್ಬಾಕೀನ್ನ ಬಿಟ್ಟು." ವಹಿಯನ್ನು ಟಾವೆಲ್ಲಿನಲ್ಲಿ ಸುತ್ತಿಕೊಂಡ. "ಹೋಗಲಿ ಬಿಡ್ರಿ. ನೀವು ಕಲತವರು. ಕೂಸಿಗೆ ಚಲೋ ಆಗಲಿ ಅಂತನ ಹೇಳೀರಿ."

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಬೈಗಳಿಗೆ ಒಂದು ಕೊನೆಯಿರುತ್ತದೆ. ಹೆಣ್ಣನ್ನು ಮಂಟಪಕ್ಕೆ ಕರೆತರುವುದು ಸೋದರಮಾವನ ಕೆಲಸ. ವಾಡಿಕೆ ಅದರಿಂದಲೂ ಅವನನ್ನು ಬಿಡಲಿಲ್ಲ. ಮದುಮಗಳ ಕೈ ಹಿಡಿದು ಕರೆತಂದು ದೇವಿಕೊಪ್ಪದವನ ಎದುರಿಗೆ ನಿಲ್ಲಿಸಿ, ಪಕ್ಕಕ್ಕೆ ಸರಿದು, ಊಟಕ್ಕೆ ಎಲೆ ಸಾಕಷ್ಟಿವೆಯೇ ಎಂದು ನೋಡಲು ಹೋದ. ನಾನು ಹೆಂಗಸರ ಸಾಲಿನಲ್ಲಿ ಕೂತು ಅಕ್ಷತೆ ಹಾಕಿದೆ. ಗಿರಿಜಾಳ ಪರೀಕ್ಷೆಯ ಸಂಖ್ಯೆಯ ಎದುರಿಗೆ ಗೈರುಹಾಜರು ಎಂದು ಬರೆದವಳೂ ನಾನೇ. ಅಂದು ಪರೀಕ್ಷೆಯಲ್ಲಿ ಮಕ್ಕಳಿಗೆ ಬಂದ ಪ್ರಶ್ನೆ, ಕೋಶವಿಭಜನೆಯ ಹಂತಗಳನ್ನು ಚಿತ್ರಸಹಿತ ವಿವರಿಸಿ.

ಪಂಚಮಿಗೆ ಗಿರಿಜಾ ತವರಿಗೆ ಬಂದಳು. ನನಗೆಂದು ಡಬ್ಬಿಯಲ್ಲಿ ಶೇಂಗಾದ ಉಂಡಿ ತಂದು ಪ್ರಯೋಗಶಾಲೆಗೇ ಬಂದಳು. ಮೈ ತುಂಬಿಕೊಂಡಿದ್ದಳು, ಕೈಯಲ್ಲಿ ಭತ್ತದ ನಾಟಿಯ ಗೀರುಗಳಿದ್ದವು. ಬಾಟಲಿಗಳನ್ನು ನೋಡಿ, "ನೀರ ಬದಲಿ ಮಾಡಿಲ್ಲೇನ್ರಿ, ಬೇರ ಕೊಳತಾವು," ಎಂದು ತಾನೇ ಬದಲಿಸಿದಳು. ಮಾವ ಖೋಲಿ ನೋಡಿದ್ದ ವಿಷಯ ಅವಳಿಗೆ ಈಗ ಗೊತ್ತಿತ್ತು. ಯಾರು ಹೇಳಿದರೆಂದು ನಾನು ಕೇಳಲಿಲ್ಲ. ಹೊರಡುವಾಗ ಬಾಗಿಲಲ್ಲಿ ನಿಂತು, ಸಿಟ್ಟಿಲ್ಲದೆ, ಲೆಕ್ಕದಲ್ಲಿನ ತಪ್ಪು ತೋರಿಸುವವರ ಹಾಗೆ ಹೇಳಿದಳು: "ಅಕ್ಕೋರ, ಅವತ್ತ ನೀವು ಒಂದ ಮಾತ ಹೆಚ್ಚಿಗಿ ಆಡಬೇಕಿತ್ರಿ." ಅಷ್ಟು ಹೇಳಿ ಅಂಗಳ ದಾಟಿದಳು.

ಇದಾದ ಒಂದು ವಾರಕ್ಕೆ ನೀಲವ್ವ ನನ್ನ ಕೋಣೆಗೆ ಬಂದಳು. ಬರುವಾಗ ಒಂದು ಲೋಟ ಹಾಲು, ಅದರ ಮೇಲೆ ಮುಚ್ಚಳ. ಅವಳು ಹಾಲು ತಂದರೆ ಬಾಡಿಗೆದಾರರು ಎಚ್ಚರವಾಗಬೇಕು.

"ಅಕ್ಕೋರ, ನಿಮ್ಮ ಮಂದಿ ನಮ್ಮ ಮಂದಿ ಒಂದ ಅಂತ ಖೋಲಿ ಕೊಡೂವಾಗನ ಕೇಳ್ಕೊಂಡೀನಿ. ಅದರ ಚಿಂತ್ಯಿಲ್ಲ. ವಿರೂಪಾಕ್ಷಿಗೆ ಇನ್ನ ಎಲ್ಲಾರೂ ಸಂಬಂಧದಾಗಿನ ಹುಡುಗ್ಯಾರನ್ನ ಹೇಳಾಕತ್ತಾರ. ನಾ ಆಗೂದಿಲ್ಲ ಅಂದೀನಿ. ನೀವು ಕುಂದಗೋಳದವರು. ನಮಗೂ ನಿಮಗೂ ನೆಂಟಸ್ತಾನ ಇಲ್ಲ. ಅಂವ ಮಾತ ಕಡಿಮಿ, ನೀವೂ ಮಾತ ಕಡಿಮಿ. ನಿಮ್ಮವ್ವ ನಿಮ್ಮಪ್ಪಗ ಕಾಗದಾ ಬರಸಲೇನು?"

ವಿರೂಪಾಕ್ಷಿ ಟಾವೆಲ್ಲಿನಲ್ಲಿ ವಹಿ ಸುತ್ತಿಕೊಂಡು ಹೋದದ್ದು ಕಣ್ಣ ಮುಂದೆ ಬಂತು. ಕೆಟ್ಟವನಲ್ಲ ಎಂಬುದು ಈಗ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೆ ಇನ್ನೊಬ್ಬಳಿಗೆಂದು ನೋಡಿಟ್ಟ ಖೋಲಿಗೆ ನಾನು ಹೋಗಿ ಕೂರುವುದೆ? ಆಗುವುದಿಲ್ಲ ಎನ್ನಬೇಕಿತ್ತು. ಎಂದಿನಂತೆ ಸುಮ್ಮನಿದ್ದೆ. ಸುಮ್ಮನಿದ್ದವರನ್ನು ಒಪ್ಪಿದರೆಂದು ತಿಳಿಯುವುದು ನಮ್ಮ ಕಡೆಯ ರೂಢಿ. ನೀಲವ್ವ ಹತ್ತಿರ ಸರಿದು ಕೂತು, ಲಗ್ನಕ್ಕೆ ಮೊದಲು ಕೇಳಲೇಬೇಕಾದ ಪ್ರಶ್ನೆಯೆಂದು ತಾನೀಗ ನಂಬಿದ್ದ ಪ್ರಶ್ನೆಯನ್ನು ಕೇಳಿದಳು.

"ನಿಮ್ಮವ್ವಂದು ನಿಮ್ಮಪ್ಪಂದು ಒಂದ ಗೆರಿ ಏನ್ರಿ, ಎರಡೋ?"

ಹಲಗೆಯ ಮೇಲೆ ನಾನು ಬರೆಯದೆ ಬಿಟ್ಟ ಚಿತ್ರ ಅದು. ನಮ್ಮ ಅಪ್ಪ ಅವ್ವನ ಸೋದರಮಾವ. ಅಪ್ಪನ ತಾಯಿ ನನಗೆ ಅಜ್ಜಿಯೂ ಹೌದು, ಅವ್ವನ ಲೆಕ್ಕದಲ್ಲಿ ಮುತ್ತಜ್ಜಿಯೂ ಹೌದು. ಯಾವ ಸಾಲಿನಲ್ಲಿ ಕೂಡಿಸುವುದೆಂದು ತಿಳಿಯದೆ ಒಂದು ಕಾಲಕ್ಕೆ ನಾನೂ ರಬ್ಬರು ಸವೆಸಿದವಳು.

"ಎರಡು," ಎಂದೆ.

ನೀಲವ್ವ ಹಿಂದಕ್ಕೆ ಸರಿದಳು. ಸಂತೆಯಲ್ಲಿ ಎತ್ತು ನೋಡುವವರಂತೆ ನನ್ನ ಕಣ್ಣು, ಕಿವಿ, ಕೈಬೆರಳುಗಳನ್ನೆಲ್ಲ ನೋಡಿದಳು. ಏನೂ ಊನ ಸಿಗಲಿಲ್ಲ. ಅದರಿಂದ ಅವಳ ಅನುಮಾನ ಹೆಚ್ಚೇ ಆಯಿತು. "ಕಾಣೂದಿಲ್ಲ, ಒಳಗ ಅಡಗಿರತೈತಿ ಅಂತ ನೀವ ಹೇಳಿದ್ರಲ್ಲ," ಎಂದು ನಿಟ್ಟುಸಿರು ಬಿಟ್ಟು ಎದ್ದಳು. "ಹಂಗಾರ ಬ್ಯಾಡ ಬಿಡ್ರಿ ಅಕ್ಕೋರ. ತಪ್ಪ ತಿಳ್ಕೋಬ್ಯಾಡ್ರಿ. ಹಾಲ ಕುಡೀರಿ."

ಸಂಬಂಧದಲ್ಲಿ ಹುಟ್ಟಿದವಳು ಹೊರಗಿನವನನ್ನು ಮದುವೆಯಾದರೆ ಅವರ ಮಕ್ಕಳಿಗೆ ಆ ಹೆದರಿಕೆಯಿಲ್ಲ. ಹೊಸ ಎತ್ತು ಬಂತೆಂದರೆ ಹಳೆಯ ಕುಂಟು ಮತ್ತೆ ಮುಚ್ಚಿಹೋಗುತ್ತದೆ. ಇದು ಅದೇ ಪಾಠದ ಮುಂದಿನ ಪುಟದಲ್ಲಿದೆ. ತಿದ್ದಿ ಹೇಳಬಹುದಿತ್ತು. ಒಂದು ಹುಡುಗಿಯ ಓದು ಉಳಿಸಲು ಬಾರದ ಬಾಯಿ ನನ್ನ ಮದುವೆ ಕುದುರಿಸಲು ಬರುವುದು ಬೇಡವೆಂದು ಸುಮ್ಮನೆ ಹಾಲು ಕುಡಿದೆ. ಸಕ್ಕರೆ ಹಾಕಿರಲಿಲ್ಲ. ಕೇಳಲಿಲ್ಲ.

ಆಮೇಲೆ ಬಾಗಿಲು ಹಾಕಿಕೊಂಡು ಒಂದು ಹಾಳೆ ತೆಗೆದು ನಮ್ಮ ಮನೆಯ ವಂಶವೃಕ್ಷವನ್ನು ಬರೆದೆ. ಅಪ್ಪನ ಚೌಕ, ಅವ್ವನ ವೃತ್ತ, ನಡುವೆ ಅಳತೆಪಟ್ಟಿ ಹಿಡಿದು ಎಳೆದ ಎರಡು ನೇರ ಗೆರೆ. ಅಪ್ಪನ ಕಡೆಯಿಂದ ಒಂದು ಮೂಕ ಎತ್ತು, ಅವ್ವನ ಕಡೆಯಿಂದ ಇನ್ನೊಂದು. ಕೆಳಗೆ ನನ್ನ ವೃತ್ತ. ವಿಜ್ಞಾನ ಇದನ್ನು ಒಪ್ಪುವುದಿಲ್ಲ. ಬಾಯಿಯಿದ್ದೂ ಮಾತಾಡದಿರುವುದು ವರ್ಣತಂತುವಿನಲ್ಲಿ ಬರುತ್ತದೆಂದು ಯಾವ ಪುಸ್ತಕದಲ್ಲೂ ಇಲ್ಲ. ನನ್ನ ವಿದ್ಯಾರ್ಥಿ ಯಾರಾದರೂ ಹೀಗೆ ಬರೆದು ತಂದಿದ್ದರೆ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಹೊಡೆದು ಅಂಕ ಕಳೆಯುತ್ತಿದ್ದೆ. ಆದರೂ ಶಾಯಿ ತುಂಬಿದ ಪೆನ್ನು ತೆಗೆದು, ನನ್ನ ವೃತ್ತದೊಳಗೆ ಗೆರೆ ದಾಟದಂತೆ, ಅಂಚಿನವರೆಗೂ ನೀಟಾಗಿ, ಕಪ್ಪು ತುಂಬಿದೆ.